ಸೆಟ್ ಐತಪ್ಪಣ್ಣ

ಹೊಸಂಗಡಿಯ ಮದುವೆ ಬ್ರೋಕರ್ ಐತಪ್ಪಣ್ಣನ ಬಾಯಲ್ಲಿ ಇದ್ದದ್ದು ಒಂದೇ ಇಂಗ್ಲಿಷು: ಸೆಟ್. ಜಾತಕ ಕೂಡಿದರೆ ಸೆಟ್, ಹುಡುಗನ ಮೀಸೆ ಸೆಟ್, ಹೆಣ್ಣಿನ ಮನೆಯ ಅವಲಕ್ಕಿಗೆ ಬಾಳೆಹಣ್ಣೂ ಸೆಟ್. 'ನನಗೆ ಬಿಡಿ ಮಾರಾಯ್ರೆ, ಸೆಟ್ ಮಾಡುವ' ಎಂದನೆಂದರೆ ನಲವತ್ತು ದಾಟಿದ ಗಂಡೂ ತಲೆಗೆ ಬಣ್ಣ ಹಚ್ಚಲು ಓಡಬೇಕು. ಟಿಕೆಟ್ ಕೊಡಲು ಬಂದ ಕಂಡಕ್ಟರನಿಗೆ ಬಸ್ಸು ಇಳಿಯುವಷ್ಟರಲ್ಲಿ ಹೆಣ್ಣು ಗೊತ್ತು ಮಾಡಿದ್ದನಂತೆ. ಐತಪ್ಪಣ್ಣನಿಗೆ ಗೊತ್ತಿಲ್ಲದ ಹಾಗೆ ಕಾಲೇಜು ಮಕ್ಕಳು ಆ ಶಬ್ದವನ್ನು ಎತ್ತಿಕೊಂಡು ಹೋಗಿದ್ದರು. ಅವರಿಗೆ ಬಿರಿಯಾನಿಯೂ ಸೆಟ್, ರೀಲ್ಸೂ ಸೆಟ್, ಇನ್ನು ಮಾತು ಸಾಕು ಎನ್ನುವುದಕ್ಕೂ ಸೆಟ್. ಐತಪ್ಪಣ್ಣ ಕಾಲೇಜಿಗೆ ಹೋಗುವ ತನ್ನ ಮಗಳು ರಮ್ಯಶ್ರೀಗೆ ವರನ ಫೋಟೋ ತೋರಿಸಿ ಒಂದೇ ಸಮನೆ ಹೊಗಳಿದಾಗ, ಅವಳು ಮೊಬೈಲಿನಿಂದ ಕಣ್ಣೆತ್ತದೆ 'ಸೆಟ್ ಅಪ್ಪಾ, ಸೆಟ್' ಅಂದಳು. ಅಂದೇ ಸಂಜೆ ಅವನು ಹಿಗ್ಗುತ್ತಾ ವರನ ಮನೆಗೆ ಹೋಗಿ ಮಾತು ಕೊಟ್ಟು ಬಂದ. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡನ ಮನೆ ಬಿಟ್ಟು ಬಂದವಳು, 'ಅವತ್ತು ಸೆಟ್ ಅಂದದ್ದು ಮಾತು ಮುಗಿಯಲಿ ಅಂತ ಅಪ್ಪಾ' ಎಂದಳು. ಈಗಲೂ ಐತಪ್ಪಣ್ಣ ಹೆಣ್ಣು ತೋರಿಸಲು ಹೋಗುತ್ತಾನೆ. ಹುಡುಗಿ 'ಸೆಟ್' ಎಂದ ಕೂಡಲೇ ಗಂಡಿನ ಕಡೆಯವರನ್ನು ಅಂಗಳಕ್ಕೆ ಕಳಿಸಿ, ಅವಳೆದುರು ಕೂತು ಮೆಲ್ಲಗೆ ಕೇಳುತ್ತಾನೆ: 'ಸೆಟ್ ಅಂದರೆ ಎಂತ ಮಗಳೇ? ನನಗೆ ಗೊತ್ತಾಗುವುದಿಲ್ಲ, ಬಿಡಿಸಿ ಹೇಳು.'