ಪ್ರಮಿಳಾಳ ಯಾದಿಯಲ್ಲಿ ಬೀರಣ್ಣನ ಹಿಂಡು

ಪ್ರಮಿಳಾಳಿಗೆ ಓರಣದ ಹುಚ್ಚು. ಅಡುಗೆಮನೆಯ ಡಬ್ಬಿಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರಬೇಕು. ಇಲ್ಲದಿದ್ದರೆ ಅವಳಿಗೆ ಊಟ ರುಚಿಸದು. ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿರುವ ಕುರಿಗಾರರ ಸಂಘದಲ್ಲಿ ಕಂಪ್ಯೂಟರಿನ ಕೆಲಸ ಸಿಕ್ಕಾಗ ಹಾಲು ಕುಡಿದಷ್ಟು ಸಂತೋಷಪಟ್ಟಿದ್ದಳು.

ಕೆಲಸಕ್ಕೆ ಸೇರಿದ ವಾರದಲ್ಲೇ ಗಾಡಿಯವರಿಗೆ ಒಂದು ಯಾದಿ ಮಾಡಿಕೊಡುವ ಕೆಲಸ ಬಂತು; ಮರುದಿನ ದೇಸೂರಿನ ಒಂಬತ್ತು ಹಿಂಡುಗಳಿಗೆ ಲಸಿಕೆ ಹಾಕಲು ಖಾನಾಪುರದಿಂದ ಗಾಡಿ ಬರುವುದಿತ್ತು. ಕುರಿಗಾರರು ಮೊಬೈಲಿನಲ್ಲಿ ಕಳಿಸಿದ್ದ ವಿವರಗಳನ್ನು ಎಕ್ಸೆಲ್ ಹಾಳೆಗೆ ಸುರಿದಾಗ ಅವಳ ತಲೆ ಕೆಟ್ಟಿತು. ಒಬ್ಬನ ಹೆಸರು ಮರಾಠಿಯಲ್ಲಿ, ಇನ್ನೊಬ್ಬನದು ಇಂಗ್ಲಿಷಿನ ದೊಡ್ಡಕ್ಷರದಲ್ಲಿ. ಹಿಂದೆ ಮುಂದೆ ಬೇಡದ ಖಾಲಿ ಜಾಗ ಬೇರೆ. ಎಲ್ಲವನ್ನೂ ಕನ್ನಡಕ್ಕೆ ತಂದಳು, ಖಾಲಿ ಜಾಗ ಕಿತ್ತಳು, ಹೆಸರಿನ ನಂತರವೇ ಅಡ್ಡಹೆಸರು ಎಂದು ನಿಯಮ ಮಾಡಿದಳು. ಊರಿನ ಕಾಲಮ್ಮಿನಲ್ಲಿ 'ದೇಸೂರ, ರಾಯಪ್ಪನ ಹೊಲ', 'ದೇಸೂರ ಸ್ಟೇಷನ್ ಹಿಂದ' ಎಂದಿದ್ದುದೆಲ್ಲ ಬರೀ 'ದೇಸೂರ' ಆಯಿತು. ಒಂಬತ್ತು ಸಾಲಿಗೂ ಒಂದೇ ಹೆಸರು ನೋಡಿ ಹಿಗ್ಗಿದಳು.

ಕುರಿಗಳಿಗೆ ಜಂತಿನ ಔಷಧ ಒಯ್ಯಲು ಬಂದಿದ್ದ ದೇಸೂರಿನ ಬೀರಣ್ಣ ತನ್ನ ಸಾಲನ್ನು ಓದಿಸಿಕೊಂಡು ನಕ್ಕ.

"ಊರಾಗ ನಮ್ಮ ಮನಿ ಐತಿ ಯವ್ವಾ. ಕುರಿ ಎಲ್ಲಿರ್ತಾವ?"

ಪ್ರಮಿಳಾಳಿಗೆ ತನ್ನ ತಪ್ಪು ಹೊಳೆಯಿತು. ಗೊಬ್ಬರಕ್ಕಾಗಿ ರೈತರು ಕರೆದ ಹೊಲಗಳಲ್ಲಿ ಕುರಿ ನಿಲ್ಲುತ್ತವೆ. ಇವತ್ತು ಒಬ್ಬರ ಹೊಲ, ನಾಲ್ಕು ದಿನ ಬಿಟ್ಟು ಇನ್ನೊಬ್ಬರದು. ಕುರಿ ಕಾಯ್ದ ಅಜ್ಜನ ಮೊಮ್ಮಗಳಾಗಿ ಇದನ್ನು ಮರೆತಳಲ್ಲ! ಗಾಡಿ ಊರು ಸುತ್ತಿ ಬರಿಗೈಲಿ ಹೋದರೆ ಮತ್ತೆ ಪಾಳಿ ಬರುವುದು ಮುಂದಿನ ತಿಂಗಳು. ಅಷ್ಟರಲ್ಲಿ ರೋಗ ಹೊಕ್ಕರೆ ಹಿಂಡಿಗೆ ಹಿಂಡೇ ಹೋಗುತ್ತದೆ.

ಹಳೆಯ ಮೆಸೇಜುಗಳನ್ನೆಲ್ಲ ತೆರೆದಳು, ಕುರಿಗಾರರಿಗೆ ಫೋನು ಹಚ್ಚಿದಳು. ಊರಿನ ಪಕ್ಕದಲ್ಲಿ 'ಯಾರ ಹೊಲ' ಎಂಬ ಹೊಸ ಕಾಲಮ್ಮು ಬಂತು. ಊಟದ ಹೊತ್ತಿಗೆ ಎಂಟು ಸಾಲು ತುಂಬಿದವು. ಉಳಿದದ್ದು ಔಷಧಕ್ಕೆ ಕಾಯುತ್ತ ಅಲ್ಲೇ ಕೂತಿದ್ದ ಬೀರಣ್ಣನದು.

"ನಾಳಿ ಯಾರ ಹೊಲದಾಗ ಇರ್ತೀರಿ ಕಾಕಾ?"

"ಯಾರದೂ ಇಲ್ಲ. ನಾಳಿ ಹೊಲ ಬದಲಿ ಮಾಡೂ ದಿನ, ಖಾನಾಪುರ ಹಾದಿ ಮ್ಯಾಲ ಇರ್ತೀವಿ."

ಹೊಲದ ಕಾಲಮ್ಮಿನಲ್ಲಿ ಹಾದಿಯನ್ನು ಬರೆಯಲು ಅವಳಿಗೆ ಕೈ ಬರಲಿಲ್ಲ. ಆದರೆ ಖಾಲಿ ಬಿಟ್ಟರೆ ಆ ಹಿಂಡಿಗೆ ಗಾಡಿ ನಿಲ್ಲುವುದಿಲ್ಲ. ಹಲ್ಲು ಕಚ್ಚಿ, ಅವನು ಅಂದಂತೆಯೇ ಬರೆದಳು.

ಮರುದಿನ ಮುಂಜಾನೆ ಲಸಿಕೆ ಹಾಕುವ ಡಾಕ್ಟರ್ ಶಶಿಧರ ಫೋನು ಮಾಡಿದರು.

"ಬೀರಣ್ಣನ ಹಿಂಡು ಹಾದಿ ಮ್ಯಾಲೇ ಸಿಕ್ತು ನೋಡ್ರಿ. ಎಲ್ಲಾರಕಿಂತ ಮೊದಲ ಅವಂದ ಮುಗೀತು."

ಪ್ರಮಿಳಾ ಒಬ್ಬಳೇ ಕೂತು ನಕ್ಕಳು. ಸಂಜೆಯೊಳಗೆ ಒಂಬತ್ತೂ ಸಾಲಿನ ಮುಂದೆ 'ಆಯಿತು' ಎಂದು ಬರೆದಳು. ಎಂಟು ಹೊಲಗಳ ನಡುವೆ ಒಂದು ಹಾದಿ ಹಾಗೆಯೇ ಉಳಿದಿತ್ತು. ಅದನ್ನು ಅವಳು ಮುಟ್ಟಲಿಲ್ಲ.