ಅಡಿಟಿಪ್ಪಣಿ ಹಾಕಲಾಗದ ಮಾತು

ದೆವ್ವ, ಅಶರೀರವಾಣಿ ಇಂಥ ಮಾತು ಶುರುವಾದರೆ ಎದ್ದು ಹೋಗುವವನು ನಾನು. ಹಾಗೆ ಎದ್ದು ಹೋಗುವುದರಲ್ಲಿ ಒಂದಿಷ್ಟು ಜಂಬವೂ ಇತ್ತು. ಇತಿಹಾಸ ಓದಿದವನಿಗೆ ಯಾರು ಹೇಳಿದರು, ಯಾವಾಗ ಹೇಳಿದರು, ಅವರಿಗೆ ಹೇಗೆ ಗೊತ್ತು ಎಂದು ಕೇಳುವ ಚಟ ಅಂಟಿಕೊಳ್ಳುತ್ತದೆ. ಈ ಪ್ರಶ್ನೆಗಳ ಎದುರು ನಿಲ್ಲದ ಸಂಗತಿಯನ್ನು ನಾನು ಎಲ್ಲೂ ಬರೆದವನಲ್ಲ. ಈಗ ಬರೆಯುತ್ತಿರುವುದು ಅಂಥದ್ದೇ. ನೀವು ನಂಬಬೇಕೆಂದು ಕೇಳುವುದಿಲ್ಲ. ನನಗೇ ನನ್ನ ನೆನಪಿನ ಮೇಲೆ ಪೂರ್ತಿ ಭರವಸೆಯಿಲ್ಲ. ಇದನ್ನು ನೆನೆದಾಗ ಬರುವ ಸಿಟ್ಟು ಮಾತ್ರ ಇಷ್ಟು ವರ್ಷವಾದರೂ ತಣ್ಣಗಾಗಿಲ್ಲ.

ತೊಂಬತ್ತರ ದಶಕದ ಕೊನೆ. ವರ್ಷ ವರ್ಷವೂ ಕೈಮುಗಿದು ಮುಂದುವರಿಸಿಕೊಳ್ಳಬೇಕಿದ್ದ ತಾತ್ಕಾಲಿಕ ಉಪನ್ಯಾಸಕನ ಕೆಲಸ ಬಿಟ್ಟು, ಶಿವಮೊಗ್ಗದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಕೇಳಿದವರಿಗೆ ಇತಿಹಾಸ ಬರೆದುಕೊಡಲು ಶುರುಮಾಡಿದ್ದೆ. ಶಾಲೆಯ ಶತಮಾನೋತ್ಸವಕ್ಕೆ ಸ್ಮರಣ ಸಂಚಿಕೆ, ಸಹಕಾರ ಸಂಘಕ್ಕೆ ಪುಸ್ತಕ, ಗಾಜನೂರು ಅಣೆಕಟ್ಟು ನೋಡಲು ಬರುವವರಿಗೆ ಕರಪತ್ರ. ಈ ಕಸುಬಿಗೆ ನಮ್ಮ ಕಡೆ ಒಂದು ಹೆಸರೂ ಇರಲಿಲ್ಲ. ಹಳೆಯ ಮೇಷ್ಟ್ರೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ಮದುವೆ ಆಲ್ಬಮ್ ಮಾಡೋನಿಗೂ ನಿನಗೂ ಏನಯ್ಯಾ ವ್ಯತ್ಯಾಸ? ಅವನು ಮುಖದ ಕಲೆ ಅಳಿಸ್ತಾನೆ, ನೀನೂ ಅಳಿಸ್ತೀಯ" ಎಂದು ನಕ್ಕರು. ಅವರ ಸಂಶೋಧನೆಯನ್ನು ಪರೀಕ್ಷಕರು ಬಿಟ್ಟು ಯಾರೂ ಓದಿರಲಿಲ್ಲ. ಹಾಗೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರ ಬಸ್ಸು ಬಂತು. ಆ ನಗುವಿನ ಮೇಲಿನ ಹಟಕ್ಕೇ ನಾನು ಇನ್ನೆರಡು ವರ್ಷ ದುಡಿದೆ ಎಂದು ಕಾಣುತ್ತದೆ. ಯಾರೋ ಹೇಳಿ ಬರೆಸಿದ್ದೂ ನಿಜವಾದ ಇತಿಹಾಸ ಆಗಬಹುದು ಎಂದು ತೋರಿಸಬೇಕಿತ್ತು ನನಗೆ.

ಆಗ ಒಪ್ಪಿಕೊಂಡದ್ದು ಭದ್ರಾವತಿಯ ಒಂದು ಖಾಸಗಿ ಎರಕದ ಕಾರ್ಖಾನೆಯ ಸುವರ್ಣ ಮಹೋತ್ಸವದ ಪುಸ್ತಕ. ದೊಡ್ಡ ಕಾರ್ಖಾನೆಗಳ ಪಕ್ಕದಲ್ಲಿ ಬದುಕಿಕೊಂಡ ಸಣ್ಣ ಕಾರ್ಖಾನೆ. ಅದರ ಯಜಮಾನರನ್ನು ಮಹೇಶ್ವರಪ್ಪ ಎನ್ನೋಣ. ದುರ್ಗಿಗುಡಿಯಲ್ಲಿ ಮನೆ, ಮನೆಯ ಕೆಳಗೇ ಆಫೀಸು. ಮೂಗಿನಲ್ಲಿ, ಗೊಗ್ಗರು ದನಿಯಲ್ಲಿ ಮಾತಾಡುವ, ಪ್ರತಿ ಮಾತಿನ ಕೊನೆಗೂ "ಆಯ್ತಾ?" ಎಂದು ಕೇಳುವ ಮನುಷ್ಯ. ಅವರ ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು, ಕೋಣೆಯಲ್ಲಿ ಹಿಂದೆ ಮುಂದೆ ಓಡಿಸಿ ಬರೆದುಕೊಂಡಿದ್ದೆ. ಹಾಗಾಗಿ ಆ ಧ್ವನಿ ನನಗೆ ನನ್ನ ತಂದೆಯ ಧ್ವನಿಯಷ್ಟೇ ಪರಿಚಯವಾಗಿತ್ತು. ಅವರೇ ಒಂದು ಸಾವಿನ ವಿಷಯ ಎತ್ತಿದರು. ಅವರು ಓದು ಮುಗಿಸಿ ಬಂದು ಕಾರ್ಖಾನೆ ನೋಡಿಕೊಳ್ಳಲು ಶುರುಮಾಡಿದ ಹೊಸತರಲ್ಲಿ ಮುನಿಯಪ್ಪ ಎಂಬ ಕೆಲಸಗಾರ ಕರಗಿದ ಕಬ್ಬಿಣ ಮೈಮೇಲೆ ಬಿದ್ದು ಸತ್ತಿದ್ದ.

"ಮುಚ್ಚಿಡೋದು ಬೇಡ ಮಾರಾಯ್ರೆ. ರಜೆ ದಿನ ಕುಡಿದು ತಾನಾಗೇ ಕುಲುಮೆ ಹತ್ರ ಬಂದ ಅಂತ ಒಂದು ಸಾಲು ಹಾಕಿ. ಈಗಿನ ಹುಡುಗರಿಗೂ ಪಾಠ ಆಗುತ್ತೆ, ಆಯ್ತಾ?"

ಒಂದು ಸಾಲೇ ಆದರೂ ಇನ್ನೊಂದು ಕಡೆಯವರನ್ನು ಕೇಳದೆ ಹಾಕುವ ಪದ್ಧತಿ ನನ್ನದಲ್ಲ. ಮುನಿಯಪ್ಪನ ಹೆಂಡತಿ ಅಂಜಲಮ್ಮ ಭದ್ರಾವತಿಯಲ್ಲಿ, ಗಂಡನ ಜೊತೆ ಇದ್ದ ಅದೇ ಸಾಲುಮನೆಯಲ್ಲಿ ಇದ್ದಾರೆಂದು ತಿಳಿದು ಒಂದು ಮಧ್ಯಾಹ್ನ ಹೋದೆ. ಬಾಗಿಲಿಗೆ ಎದುರಾಗಿ ಕೂತು ರವಿಕೆಗೆ ಹುಕ್ ಹೊಲಿಯುತ್ತಿದ್ದರು. "ಕಾರ್ಖಾನೆಯೋರು ಕಳಿಸಿದ್ದಾ? ಹಂಗಾದ್ರೆ ಅಲ್ಲೇ ನಿಂತ್ಕೊಂಡು ಹೇಳಿ" ಎಂದರು. ಹೇಳಿದೆ. ಪುಸ್ತಕದಲ್ಲಿ ಏನು ಬರುತ್ತದೆಂದು ಕೇಳಿದರು. ಅದನ್ನೂ ಹೇಳಿದೆ.

"ಆವಾಗ್ಲೂ ಅದೇ ಅಂದ್ರು. ನನ್ನ ಮಗಳು ಕುಡುಕನ ಮಗಳು ಅನ್ನಿಸ್ಕೊಂಡೇ ಇಸ್ಕೂಲು ಮುಗಿಸಿದ್ಲು. ಈಗ ಅಚ್ಚು ಹಾಕ್ಸಿ ಮೊಮ್ಮಕ್ಕಳಿಗೂ ಕೊಡ್ತಾರಾ? ಒಳಗೆ ಬನ್ನಿ. ನಿಮ್ಮ ಮಿಷನ್ ಹಾಕಿ."

ಟೇಪ್ ರೆಕಾರ್ಡರ್ ಹಾಕಿದೆ. ಮದುವೆಯಾಗಿ ಈ ಊರಿಗೆ ಬಂದದ್ದು, ಗಂಡ ಕೆಲಸ ಕಲಿತದ್ದು ಹೇಳುತ್ತಾ ಹೋದರು. ಆ ದಿನದ ವಿಷಯಕ್ಕೆ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಬೀದಿ ನಲ್ಲಿಯಲ್ಲಿ ನೀರು ಬಂತು. ಕೊಡ ಎತ್ತಿಕೊಂಡು, "ಬಿಟ್ರೆ ನಾಳೇನೇ ಸಾರ್, ಕೂತಿರಿ" ಎಂದು ಓಡಿದರು.

ನಾನೊಬ್ಬನೇ ಉಳಿದೆ. ಆಗ ಬಾಗಿಲ ಹೊರಗೆ, ಹೊಸ್ತಿಲಿಗೆ ತೀರಾ ಹತ್ತಿರದಲ್ಲಿ ಯಾರೋ ಕರೆದರು.

"ಮುನಿಯಪ್ಪಾ, ತಲೆ ಒದ್ದೆ ಇದ್ರೂ ಪರ್ವಾಗಿಲ್ಲ ಬಾ ಮಾರಾಯ. ಒಂದೇ ಎರಕ, ಹುಯ್ದು ಹೋಗಿಬಿಡು. ಆಯ್ತಾ?"

ನನಗೆ ಹೆದರಿಕೆ ಆಗಲಿಲ್ಲ. ಬಂದದ್ದು ಕೋಪ. ಮಹೇಶ್ವರಪ್ಪ ನನ್ನ ಹಿಂದೆಯೇ ಬಂದಿದ್ದಾರೆ, ಆ ಹೆಂಗಸು ಏನು ಹೇಳುತ್ತಾಳೋ ಎಂದು ಕಾವಲು ಕಾಯಲು ಬಂದಿದ್ದಾರೆ ಎಂದುಕೊಂಡೇ ಎದ್ದೆ. ಹೊರಗೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಸಾಲುಮನೆಯ ಓಣಿ ನೇರವಾಗಿದೆ. ಅಡಗಲು ಒಂದು ಮರವಿಲ್ಲ, ತಿರುವಿಲ್ಲ. ದೂರದ ನಲ್ಲಿಯ ಹತ್ತಿರ ಹೆಂಗಸರು ನೀರಿಗೆ ಜಗಳವಾಡುತ್ತಿದ್ದರು. ನಾನು ಕೇಳಿದ ಧ್ವನಿಯಲ್ಲಿ ಮಹೇಶ್ವರಪ್ಪನವರ ಈಗಿನ ಗೊಗ್ಗರು ಇರಲಿಲ್ಲ, ಮನುಷ್ಯ ಇನ್ನೂ ಹರೆಯದಲ್ಲಿದ್ದ ಎಂಬುದು ಹೊಳೆದದ್ದು ಒಳಗೆ ಬಂದು ಕೂತ ಮೇಲೆ. ಟೇಪ್ ನಿಂತಿತ್ತು. ಕ್ಯಾಸೆಟ್ಟಿನ ಒಂದು ಬದಿ ಮುಗಿದಿತ್ತು.

ಅಂಜಲಮ್ಮ ಬಂದು ಕೊಡ ಇಳಿಸಿದರು. ಕ್ಯಾಸೆಟ್ ತಿರುಗಿಸಿ ಹಾಕಿದೆ.

"ಅವತ್ತು ಶನಿವಾರ, ಕಾರ್ಖಾನೆಗೆ ರಜೆ, ಎಣ್ಣೆ ಸ್ನಾನ. ನಾನೇ ಸೀಗೆಕಾಯಿ ಹಾಕಿ ತಲೆ ಉಜ್ಜಿದ್ದು. ಎಣ್ಣೆ ಸ್ನಾನದ ದಿನ ನಮ್ಮನೇಲಿ ಗಂಡಸರು ಬಿಸಿಲಿಗೇ ಹೋಗಲ್ಲ, ಇನ್ನು ಬೆಂಕಿ ಹತ್ರ ಹೋಗ್ತಾರಾ? ಕುಡಿಯೋರು ಸಾರ್, ಇಲ್ಲ ಅನ್ನಲ್ಲ. ಸಂಬಳದ ದಿನ ಕುಡಿದು ಬಂದು ಹಾಡ್ತಾ ಇದ್ರು, ಕೇಳೋಕಾಗ್ತಿರಲಿಲ್ಲ. ಆದ್ರೆ ಎಣ್ಣೆ ಸ್ನಾನದ ದಿನ ಮುಟ್ತಿರಲಿಲ್ಲ. ನಾನು ನಲ್ಲಿಗೆ ಹೋಗಿ ಬರೋದ್ರೊಳಗೆ ಇಲ್ಲ. ಟವೆಲು ಇಲ್ಲಿ ಬಿದ್ದಿತ್ತು. ಯಾರೋ ಬಂದು ಕರೆದಿದಾರೆ. ಯಾರು ಅಂತ ಓಣಿಯೋರೂ ನೋಡಿಲ್ಲ. ಅದೊಂದು ಗೊತ್ತಾಗ್ಬೇಕು ನನಗೆ."

ಟೇಪ್ ರೆಕಾರ್ಡರ್ ಆರಿಸಿ ಚೀಲಕ್ಕೆ ಹಾಕಿಕೊಂಡೆ. ಅವರಿಗೆ ಏನೂ ಹೇಳದೆ ಎದ್ದು ಬಂದೆ.

ಮನೆಗೆ ಬಂದು ಕ್ಯಾಸೆಟ್ ಎಷ್ಟು ಸಲ ಕೇಳಿದೆನೋ. ಮೊದಲ ಬದಿಯಲ್ಲಿ ಎಣ್ಣೆ ಸ್ನಾನದ ಮಾತಿಲ್ಲ, ಆ ಕರೆಯೂ ಇಲ್ಲ. ಟೇಪ್ ನಿಂತ ಸದ್ದು ನಾನು ಕೇಳಿದ್ದು ಕರೆಗೆ ಮುಂಚೆಯೋ ಆಮೇಲೆಯೋ? ಎಷ್ಟು ಯೋಚಿಸಿದರೂ ಖಚಿತವಿಲ್ಲ. ಬೇರೆ ಯಾರೋ ಬೇರೆ ಯಾವುದೋ ಮುನಿಯಪ್ಪನನ್ನು ಕರೆದಿರಬಹುದು, ಆ ಕಡೆ ಆ ಹೆಸರಿನವರು ಬೇಕಾದಷ್ಟು ಜನ. ಬಿಸಿಲಿಗೆ ನನಗೆ ಜೊಂಪು ಹತ್ತಿರಬಹುದು. ದಿನವಿಡೀ ಕೇಳಿದ್ದ ಧ್ವನಿಯನ್ನು ನನ್ನ ತಲೆಯೇ ಅಲ್ಲಿ ತಂದು ಇಟ್ಟಿರಬಹುದು. ಒದ್ದೆ ತಲೆಯ ಮಾತನ್ನು ಅಂಜಲಮ್ಮನಿಂದ ಕೇಳಿದ ಮೇಲೆ ಆ ಕರೆಗೆ ನಾನೇ ಸೇರಿಸಿಕೊಂಡಿರಲೂಬಹುದು. ಇಂಥ ಕೆಲಸ ನೆನಪು ಮಾಡುತ್ತದೆಂದು ನಾನೇ ಮಕ್ಕಳಿಗೆ ಪಾಠ ಮಾಡಿದ್ದೆ.

ಮರುದಿನ ದುರ್ಗಿಗುಡಿಗೆ ಹೋಗಿ ಮಹೇಶ್ವರಪ್ಪನವರ ಎದುರು ಕೂತು, ಆ ಸಾಲು ಹಾಕುವುದಿಲ್ಲ ಎಂದೆ. ಕಾರಣ ಕೇಳಿದರು. ವಾದ ಮಾಡಲು ಹೋಗದೆ, ಕೇಳಿಸಿಕೊಂಡ ಮಾತನ್ನು ಹಾಗೆಯೇ ಒಪ್ಪಿಸಿದೆ. ತಲೆ ಒದ್ದೆ ಇದ್ರೂ ಪರ್ವಾಗಿಲ್ಲ ಬಾ ಮಾರಾಯ. ಒಂದೇ ಎರಕ.

ಅವರ ಮುಖದ ರಕ್ತ ಇಳಿಯಿತು. "ಯಾರ್ರೀ ಹೇಳಿದ್ದು? ಅವಳು ಮನೇಲೇ ಇರಲಿಲ್ಲವಲ್ಲ!" ಎಂದುಬಿಟ್ಟರು.

ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ. ಆಮೇಲೆ ಅವರು ನಿಧಾನವಾಗಿ, ಸಾವಿನ ವಿಚಾರಣೆಯಲ್ಲಿ ತಾನು ನಲ್ಲಿಗೆ ಹೋಗಿದ್ದೆನೆಂದು ಅವಳೇ ಹೇಳಿಕೆ ಕೊಟ್ಟಿದ್ದಳು, ಅದನ್ನು ಓದಿ ಗೊತ್ತು ಎಂದರು. ಇರಬಹುದು. ಹೇಳಿಕೆ ಕೊಟ್ಟದ್ದು ನಿಜವೆಂದು ಅಂಜಲಮ್ಮನೂ ಮುಂದೆ ಒಪ್ಪಿದರು. ಆದರೆ ನಾನು ನೋಡಿದ ಮುಖ ಹಳೆಯ ಕಾಗದ ನೆನಪಿಸಿಕೊಳ್ಳುವವನ ಮುಖವಾಗಿರಲಿಲ್ಲ. "ನೀವು ಬರೆಯೋದು ಬೇಡ. ಬರೆಯೋರಿಗೆ ಬರವಿಲ್ಲ" ಎಂದು ಎದ್ದರು.

ಬರವಿರಲಿಲ್ಲ. ಬೇರೆ ಯಾರೋ ಬರೆದರು. ಹೊಳೆಯುವ ಕಾಗದದ ಮೇಲೆ ಆ ಸಾಲು ಹಾಗೆಯೇ ಬಂತು. ವಿಶ್ವವಿದ್ಯಾಲಯದ ಒಬ್ಬರು ಮುನ್ನುಡಿಯಲ್ಲಿ ಅದನ್ನು ವಸ್ತುನಿಷ್ಠ ಇತಿಹಾಸವೆಂದು ಹೊಗಳಿದರು. ಆ ಪುಟ ಓದಿದ ದಿನ ನಾನು ಊಟ ಮಾಡಲಿಲ್ಲ. ಸತ್ತವನನ್ನು ಕುಡುಕನನ್ನಾಗಿಸಿದ ಮಾತಿಗೆ ಯಾರೂ ಆಧಾರ ಕೇಳಿರಲಿಲ್ಲ. ನನ್ನ ಕೈಯಲ್ಲಿದ್ದ ಮಾತಿಗೆ ಮಾತ್ರ ಆಧಾರ ಬೇಕಿತ್ತು, ಅದನ್ನು ಕೇಳುತ್ತಿದ್ದವನೂ ನಾನೇ. ಕೊನೆಗೆ ಊರಿನ ಒಂದು ಪತ್ರಿಕೆಗೆ ಲೇಖನ ಬರೆದೆ. ಎಣ್ಣೆ ಸ್ನಾನ, ಟವೆಲು, ಅಂಜಲಮ್ಮ ಹೇಳಿದ ಅಷ್ಟನ್ನೂ ಅವರ ಹೆಸರಿನಲ್ಲೇ ಹಾಕಿದೆ. ಕರೆದವರು ಯಾರೆಂದು ಬರೆಯಲಿಲ್ಲ. ಅಡಿಟಿಪ್ಪಣಿಯಲ್ಲಿ ಏನೆಂದು ಹಾಕಲಿ?

ಪತ್ರಿಕೆ ಹಿಡಿದು ಭದ್ರಾವತಿಗೆ ಹೋಗಿ ಅವರಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿ, "ಕರೆದಿದ್ದು ಯಾರು ಅಂತ ಇದರಲ್ಲಿ ಇಲ್ವಲ್ಲ" ಎಂದರು. ಆಗ ಎಲ್ಲವನ್ನೂ ಹೇಳಿದೆ. ಅಳುತ್ತಾರೆ, ಇಲ್ಲವೇ ಕೈಮುಗಿಯುತ್ತಾರೆ ಎಂದುಕೊಂಡಿದ್ದೆ. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನನ್ನೇ ನೋಡಿದರು. ಅಂಥ ಸಿಟ್ಟನ್ನು ನಾನು ಯಾರ ಕಣ್ಣಲ್ಲೂ ನೋಡಿಲ್ಲ.

"ಅವತ್ತಿಂದ ಈ ಬಾಗಿಲ ಎದುರಿಗೇ ಕೂತಿದೀನಿ. ಒಂದು ಸದ್ದಾದ್ರೂ ಕಿವಿ ಕೊಟ್ಟಿದೀನಿ. ಬೇರೆ ಮನೆ ಮಾಡೋಣ ಅಂತ ಮಗಳು ಕರೆದ್ರೂ ಹೋಗ್ಲಿಲ್ಲ. ನನಗೆ ಒಂದು ದಿನ ಕೇಳಿಸ್ಲಿಲ್ಲ. ಒಂದು ಮಧ್ಯಾಹ್ನ ಬಂದು ಕೂತ್ರಿ, ನಿಮಗ್ಯಾಕೆ ಸಾರ್ ಕೇಳಿಸ್ಬೇಕು?"