ಗಾಜಿಗೆ ಅಂಟಿದ ಆಯಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿದ್ದದ್ದು ಒಂದೇ ಒಂದು ಫೋಟೋ. ಅದು ನನ್ನ ಆಯಿಯದು, ಅಂದರೆ ಅಮ್ಮನದು. ಮಕ್ಕಳೇ, ನೀವು ಒಂದು ದೋಸೆ ತಿನ್ನುವಷ್ಟರಲ್ಲಿ ಹತ್ತು ಫೋಟೋ ತೆಗೆಯುವವರು, ಅದರಲ್ಲಿ ನಾಲ್ಕು ದೋಸೆಯದೇ. ನಿಮಗೆ ಇದನ್ನು ನಂಬುವುದು ಕಷ್ಟ. ಆದರೂ ಕೇಳಿ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೇನೆ. ಹೇಳಲು ನನಗೆ ನಾಚಿಕೆಯಾಗುತ್ತಿತ್ತು.

ಶಿರಸಿ ಪೇಟೆಯ ಒಂದು ಓಣಿಯಲ್ಲಿ ನಾವು ಬಾಡಿಗೆಗಿದ್ದೆವು. ಅಪ್ಪ, ಅಕ್ಕ, ನಾನು, ಮೂರೇ ಜನ. ಅಪ್ಪ ಅಡುಗೆ ಕೆಲಸದವನು. ಮದುವೆ, ಮುಂಜಿ, ಪೂಜೆ ಎಂದು ಸಿದ್ದಾಪುರ, ಯಲ್ಲಾಪುರದ ಕಡೆಯಿಂದೆಲ್ಲ ಅವನಿಗೆ ಕರೆ ಬರುತ್ತಿತ್ತು. ತನ್ನದೇ ದೊಡ್ಡ ಸಟ್ಟುಗವನ್ನು ಪಂಚೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರೆ ಎರಡು ಮೂರು ದಿನ ಮನೆಗಿಲ್ಲ. ಬಂದಾಗ ಅವನ ಮೈಯೆಲ್ಲ ಹೊಗೆ ಮತ್ತು ಬೆಲ್ಲದ ಪಾಕದ ವಾಸನೆ. ಆಯಿ ತೀರಿಕೊಂಡಾಗ ನನಗೆ ಎರಡು ವರ್ಷ, ಅಕ್ಕನಿಗೆ ಹನ್ನೆರಡು. ನನ್ನನ್ನು ಸಾಕಿದವಳು ಅಕ್ಕನೇ.

ಆ ಫೋಟೋ ಹುಟ್ಟಿದ ಕಥೆಯನ್ನು ಅಕ್ಕ ನನಗೆ ಮತ್ತೆ ಮತ್ತೆ ಹೇಳುತ್ತಿದ್ದಳು. ಹೆಗ್ಗರಣೆಯಲ್ಲಿ ಒಂದು ಮದುವೆ. ಅಪ್ಪನ ಜೊತೆ ಆಯಿಯೂ ಹೋಳಿಗೆ ಲಟ್ಟಿಸಲು ಹೋಗಿದ್ದಳು. ಎಲ್ಲಿಂದಲೋ ಬಂದಿದ್ದ ಫೋಟೋದವನು ಮದುಮಕ್ಕಳದ್ದೆಲ್ಲ ತೆಗೆದು ಮುಗಿಸಿದಾಗ ರೀಲಿನಲ್ಲಿ ಇನ್ನೊಂದು ಫೋಟೋಗೆ ಜಾಗ ಉಳಿದಿತ್ತಂತೆ. ಆ ಮನೆಯೊಡತಿ ಆಯಿಯನ್ನು ಅಡುಗೆ ಮನೆಯಿಂದ ಎಳೆದು ತಂದು ಅಂಗಳದಲ್ಲಿ ನಿಲ್ಲಿಸಿದಳು. ಆಯಿ ನಾಚಿಕೊಂಡು ಹಿಟ್ಟಿನ ಕೈಯನ್ನು ಸೆರಗಿನಲ್ಲಿ ಮುಚ್ಚಿದಳು, ಆದರೂ ಎರಡು ಬೆರಳು ಬೆಳ್ಳಗೆ ಹೊರಗೆ ಕಾಣುತ್ತಿದ್ದವು. ತಲೆ ಸ್ವಲ್ಪ ವಾರೆ, ತುಟಿಯಲ್ಲಿ ಅರ್ಧ ನಗು. ಅವಳ ಜೀವಮಾನದಲ್ಲಿ ತೆಗೆದ ಫೋಟೋ ಅದೊಂದೇ.

ನನಗೆ ಹತ್ತು ವರ್ಷವಾದಾಗ ಅಕ್ಕನಿಗೆ ಮದುವೆ ಗೊತ್ತಾಯಿತು. ಗಂಡನ ಮನೆ ಬನವಾಸಿಯ ಹತ್ತಿರ. ಅಕ್ಕ ಸೀರೆ ಕೇಳಲಿಲ್ಲ, ಬಳೆ ಕೇಳಲಿಲ್ಲ. ಆಯಿಯ ಫೋಟೋದ ಇನ್ನೊಂದು ಪ್ರತಿ ಮಾಡಿಸಿಕೊಡಿ ಎಂದಳು. ಅಪ್ಪನಿಗೆ ಆ ಫೋಟೋ ಗೋಡೆ ಬಿಟ್ಟು ಹೊರಗೆ ಹೋಗುವುದೇ ಭಯ. "ಮದ್ವೆ ಮುಗೀಲಿ, ನೋಡನ. ಈಗ ಅದನ್ನ ಇಳಿಸಡಿ" ಎಂದು ತಡೆದು ಚಂದಗುಳಿಯಲ್ಲಿ ಒಂದು ಪೂಜೆಯ ಅಡುಗೆಗೆ ಹೊರಟುಹೋದ.

ಮರುದಿನ ಅಕ್ಕನೇ ಫ್ರೇಮನ್ನು ಇಳಿಸಿ ನನ್ನ ಕೈಗೆ ಕೊಟ್ಟಳು. "ಸ್ಟುಡಿಯೋಕ್ಕೆ ಒಯ್ಯಿ ತಮಾ. ಅಪ್ಪ ಬಪ್ಪದ್ರೊಳಗೆ ವಾಪಸ್ ತರವು. ಫ್ರೇಮು ಬಿಚ್ಚಡ" ಎಂದು, ಬಿಚ್ಚಬಾರದೆಂದು ಎರಡೆರಡು ಸಲ ಹೇಳಿ ಬಾವಿಯ ಕಡೆ ಹೋದಳು.

ನಾನು ಬುದ್ಧಿವಂತನಲ್ಲವೇ! ಅಷ್ಟು ದೊಡ್ಡ ಫ್ರೇಮು ಹಿಡಿದು ಓಣಿಯಲ್ಲಿ ಹೋದರೆ ಪ್ರತಿ ಜಗಲಿಯಿಂದಲೂ ಒಬ್ಬೊಬ್ಬರು ಕೇಳುತ್ತಾರೆ, ಅಪ್ಪ ಬಂದ ಕೂಡಲೇ ಸುದ್ದಿ ಅವನ ಕಿವಿಗೆ ಬೀಳುತ್ತದೆ ಎಂದು ಲೆಕ್ಕ ಹಾಕಿದೆ. ಫೋಟೋ ಒಂದನ್ನೇ ತೆಗೆದು ಪುಸ್ತಕದೊಳಗೆ ಇಟ್ಟುಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಹಿಂದಿನ ಮೊಳೆಗಳನ್ನು ಕಿತ್ತೆ, ರಟ್ಟು ತೆಗೆದೆ, ಫೋಟೋದ ಅಂಚು ಹಿಡಿದೆ. ಬರಲಿಲ್ಲ. ಎಷ್ಟೋ ಮಳೆಗಾಲಗಳ ಶೀತಕ್ಕೆ ಅದು ಗಾಜಿಗೆ ಅಂಟಿಕೊಂಡುಬಿಟ್ಟಿದೆ ಎಂದು ನನಗೇನು ಗೊತ್ತು? ಜೋರಾಗಿ ಎಳೆದೆ.

ಚರ್ರೆಂದಿತು. ಕಾಗದ ಕೈಗೆ ಬಂತು. ಅದರಲ್ಲಿ ಸೀರೆ ಇತ್ತು, ಹಿಟ್ಟಿನ ಬೆರಳಿತ್ತು, ಕೂದಲಿತ್ತು. ಮುಖವಿರಬೇಕಾದಲ್ಲಿ ಬರೀ ಬಿಳಿ ಕಾಗದ. ಆಯಿಯ ಮುಖ ಗಾಜಿನ ಮೇಲೆಯೇ ಉಳಿದಿತ್ತು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ನನ್ನ ಹಾಳು ಬುದ್ಧಿ ಬಿಡಬೇಕಲ್ಲ! ಅಂಟು ನೀರಿಗೆ ಬಿಡುತ್ತದೆ, ಮೆತ್ತಗೆ ಎಬ್ಬಿಸಿ ಕಾಗದದ ಮೇಲೆ ಮತ್ತೆ ಕೂರಿಸಿಬಿಡೋಣ ಎಂದು ಬೆರಳು ಒದ್ದೆ ಮಾಡಿಕೊಂಡು ಗಾಜಿನ ಮೇಲೆ ಉಜ್ಜಿದೆ. ಮುಖ ಲೋಳೆಯಂತೆ ಜಾರತೊಡಗಿತು. ಮೂಗು ಕೆನ್ನೆಗೆ ಹೋಯಿತು. ಗಾಬರಿಯಾಗಿ ಇನ್ನೊಮ್ಮೆ ಒತ್ತಿದೆ, ಕಣ್ಣುಗಳು ನನ್ನ ಬೆರಳಿಗೇ ಬಂದವು. ಕಪ್ಪಾದ ಬೆರಳು ಹಿಡಿದುಕೊಂಡು ನಾನು ಕೂಗಿದ ಕೂಗಿಗೆ ಅಕ್ಕ ಕೊಡ ಬಿಟ್ಟು ಓಡಿಬಂದಳು.

"ಎಂತ ಮಾಡಿದ್ಯೋ ತಮಾ!"

ಅವಳು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ನೆಲದ ಮೇಲೆ ಕುಳಿತು ಗಾಜನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಕಣ್ಣೀರು ಬೀಳದಂತೆ ಮುಖ ಆಚೆ ತಿರುಗಿಸಿಕೊಂಡಳು.

ಗಾಜು, ಕಾಗದ ಎರಡನ್ನೂ ಪಂಚೆಯಲ್ಲಿ ಸುತ್ತಿಕೊಂಡು ಓಡಿದೆವು. ಸ್ಟುಡಿಯೋ ನಡೆಸುತ್ತಿದ್ದವರು ಒಬ್ಬ ವಯಸ್ಸಾದ ಸಾಹೇಬರು. ದೀಪದ ಕೆಳಗೆ ಗಾಜನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನೀರು ಹಚ್ಚಿದ್ಯೇನೋ?"

ತಲೆಯಾಡಿಸಿದೆ.

"ಬಿಚ್ಚದೆ ಫ್ರೇಮ್ ಸಮೇತ ತಂದಿದ್ರೆ ಗಾಜಿನ ಮೇಲಿಂದ್ಲೇ ಇನ್ನೊಂದು ಫೋಟೋ ತೆಗೀತಿದ್ದೆ ಮಗಾ. ನೆಗೆಟಿವ್ ಯಾರ ಹತ್ರ ಇದೆ?"

ಫೋಟೋ ತೆಗೆದವನು ಯಾವ ಊರಿನವನೆಂದೇ ನಮಗೆ ಗೊತ್ತಿರಲಿಲ್ಲ. ಸಾಹೇಬರು ಹರಿದ ಕಾಗದವನ್ನು ಕೈಗೆತ್ತಿಕೊಂಡರು. ಆಮೇಲೆ ಅವರು, ಕುಂಚದಲ್ಲಿ ತಿದ್ದಿ ಏನಾದರೂ ಮಾಡಬಹುದು, ಅಮ್ಮನ ಮುಖ ಹೇಗಿತ್ತು ಹೇಳು ಎಂದು ನನ್ನನ್ನೇ ಕೇಳಿದರು. ಕಣ್ಣು ಮುಚ್ಚಿ ನೆನೆಸಿಕೊಂಡೆ. ಕಂಡದ್ದು ಗಾಜಿನ ಮೇಲಿನ ಕಪ್ಪು ರಾಡಿ ಮಾತ್ರ. ಆಯಿಯ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಆ ಫೋಟೋ ಒಂದೇ ಎಂದು ನನಗೆ ಅರ್ಥವಾದದ್ದು ಆಗ. "ನಂಗೆ ನೆಂಪಿಲ್ಲೆ" ಎಂದು ಬಿಕ್ಕಿದೆ.

"ಮೂಗು, ಬಾಯಿ ನಂದೇ ಥರ ಹೇಳಿ ಎಲ್ರೂ ಹೇಳ್ತಿದ್ದ" ಎಂದಳು ಅಕ್ಕ.

ಸಾಹೇಬರು ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು. ಹರಿದ ಫೋಟೋ ನೋಡುತ್ತ ಅವಳ ತಲೆಯನ್ನು ಅಷ್ಟೇ ವಾರೆ ಮಾಡಿದರು. ಅಕ್ಕನಿಗೆ ಅಳು ನಿಲ್ಲುತ್ತಿಲ್ಲ. "ಅಳಬೇಡ ತಂಗಿ. ಅತ್ತ ಮುಖ ಇದಕ್ಕೆ ಕೂಡೋದಿಲ್ಲ. ಅಮ್ಮ ನಕ್ಕ ಹಾಗೆ ನಗು" ಎಂದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನಗಲು ನೋಡಿದಳು. ಮೂರನೇ ಸಲಕ್ಕೆ ನಗು ಬಂತು, ಸಾಹೇಬರು ಫೋಟೋ ತೆಗೆದರು. ಹರಿದ ಕಾಗದ ಅವರಲ್ಲೇ ಉಳಿಯಿತು, ಗಾಜನ್ನು ನಾವು ಮನೆಗೆ ತಂದೆವು.

ಮಧ್ಯಾಹ್ನವೇ ಅಪ್ಪ ಬಂದುಬಿಟ್ಟ. ಖಾಲಿ ಗೋಡೆ ನೋಡಿದ. ನಾನೇ ಮುಂದೆ ನಿಂತು ಎಲ್ಲ ಹೇಳಿದೆ.

"ಗಾಜು ಎಲ್ಲಿದ್ದು?" ಎಂದಷ್ಟೇ ಕೇಳಿದ.

ಕೊಟ್ಟೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಇಂಚಿಂಚೂ ಹುಡುಕಿದ. ಒಂದು ಮೂಲೆಯಲ್ಲಿ ಅವನ ಬೆರಳು ನಿಂತಿತು.

"ಕಿವಿ ಉಳದ್ದು ತಮಾ. ಓಲೆಯೂ ಕಾಣ್ತು" ಎಂದ. ಹಾಗೆನ್ನುತ್ತ, ಸಾವಿರ ಜನರಿಗೆ ಅಡುಗೆ ಮಾಡಿ ಬಡಿಸುವ ನನ್ನ ಅಪ್ಪ ಮಗುವಿನ ಹಾಗೆ ಅತ್ತುಬಿಟ್ಟ. ಆ ಗಾಜನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಪೆಟ್ಟಿಗೆಯಲ್ಲಿಟ್ಟ. ಮುಂದಿನ ಮಳೆಗಾಲದಲ್ಲಿ ಬೂಷ್ಟು ಹಿಡಿದು ಕಿವಿಯೂ ಹೋಯಿತು.

ನಾಲ್ಕು ದಿನದ ಮೇಲೆ ಸಾಹೇಬರು ಫೋಟೋ ಕೊಟ್ಟರು. ಆಯಿಯ ಕೂದಲು, ಆಯಿಯ ಸೀರೆ, ಆಯಿಯ ಹಿಟ್ಟಿನ ಬೆರಳು, ನಡುವೆ ಅಕ್ಕನ ಮುಖ. ಎಲ್ಲಿ ಕೂಡಿಸಿದ್ದಾರೆಂದು ತಿಳಿಯದಷ್ಟು ನಯವಾದ ಕೆಲಸ. ಅಪ್ಪ ಬಹಳ ಹೊತ್ತು ನೋಡಿದ. "ಹೌದು, ಇದೇಯ" ಎಂದ. ನನಗಾಗಿ ಹೇಳಿದ ಸುಳ್ಳು ಅದು. ಆಯಿಯನ್ನು ಜೊತೆಗೆ ಒಯ್ಯಬೇಕೆಂದಿದ್ದ ಅಕ್ಕ ತನ್ನದೇ ಮುಖವಿರುವ ಒಂದು ಪ್ರತಿಯನ್ನು ಪೆಟ್ಟಿಗೆಯ ತಳಕ್ಕಿಟ್ಟುಕೊಂಡು ಬನವಾಸಿಯ ಬಸ್ಸು ಹತ್ತಿದಳು.

ನಮ್ಮ ನಡುಮನೆಯಲ್ಲಿ ನೀವು ಹಬ್ಬಕ್ಕೆ ಹೂ ಏರಿಸಿ ಕೈಮುಗಿಯುವುದು ಆ ಫೋಟೋಕ್ಕೇ, ಮಕ್ಕಳೇ. ಅಜ್ಜಿ ನನ್ನ ಅಕ್ಕನ ಹಾಗೇ ಇದ್ದಾಳೆ ಎಂದು ನೀವು ಪ್ರತಿ ಸಲ ಹೇಳುತ್ತೀರಿ, ನಾನು ಎದ್ದು ಒಳಗೆ ಹೋಗುತ್ತೇನೆ. ಯಾಕೆಂದು ಈಗ ತಿಳಿಯಿತಲ್ಲ.

ಅಪ್ಪ ಎಂದೋ ತೀರಿಕೊಂಡಿದ್ದ. ಹೋದ ವರ್ಷ ಅಕ್ಕ ಹಾಸಿಗೆ ಹಿಡಿದಾಗ ಅವಳ ಪಕ್ಕ ಕುಳಿತು ಕೇಳಿದೆ. ಖರೆ ಹೇಳು, ಆಯಿಯ ಮುಖ ಹೆಂಗಿತ್ತು? "ಆ ಫೋಟೋ ನೋಡಿ ನೋಡಿ ನಂಗೂ ಈಗ ಅದೇ ಮುಖ ನೆಂಪಾಗ್ತು ತಮಾ" ಎಂದಳು. ವಾರದಲ್ಲೇ ಹೋಗಿಬಿಟ್ಟಳು.

ನಿಮ್ಮ ಅಮ್ಮ ನಿದ್ದೆ ಮಾಡುವುದು, ಸೀನುವುದು, ನಿಮಗೆ ಬೈಯುವುದು ಎಲ್ಲ ನಿಮ್ಮ ಫೋನಿನಲ್ಲಿದೆ. ಜಾಗ ಸಾಲದೆಂದು ನೀವೇ ನೂರು ಅಳಿಸುತ್ತೀರಿ, ಆದರೂ ಮುಗಿಯುವುದಿಲ್ಲ. ಸಂತೋಷ. ನನಗಿದ್ದದ್ದು ಒಂದು, ಅದನ್ನು ನನ್ನ ಬೆರಳೇ ಅಳಿಸಿತು. ನನ್ನ ಆಯಿಯ ಮುಖ ಹೇಗಿತ್ತೆಂದು ಹೇಳಬಲ್ಲವರು ಇವತ್ತು ಈ ಭೂಮಿಯ ಮೇಲೆ ಒಬ್ಬರೂ ಇಲ್ಲ.